ಎಡಗಡೆಯ ಆಕ್ಸಲ್

ಮಂಗಳವಾರ ಮಧ್ಯಾಹ್ನ 2-40ಕ್ಕೆ ಗ್ಯಾರೇಜ್ ಬೀದಿಯ ಹಿರಿಯ ಮೆಕ್ಯಾನಿಕ್ ಠಾಣೆಗೆ ಬಂದ. ಇಡೀ ಬೀದಿಗೆ ಆತ 'ಭಾವ'.

"ನನ್ನ ಜತೆ ಗ್ಯಾರೇಜಲ್ಲಿ ಕೆಲಸ ಮಾಡೋ ಬಾಮೈದನ್ನ ಹೊಡೆದು ಸಾಯಿಸಿದಾರೆ ಸಾರ್. ರಿಪೇರಿಗೆ ಬಂದ ವ್ಯಾನ್ ಪಕ್ಕ ಬಿದ್ದಿದಾನೆ. ಮುಖ ಗುರುತು ಸಿಗಲ್ಲ."

"ಯಾರ ಮೇಲಾದ್ರೂ ಅನುಮಾನ?"

"ಬೆಳಿಗ್ಗೆ ಆ ವ್ಯಾನ್ ಡ್ರೈವರ್ ಬಂದು ಜಗಳ ಆಡಿ ಹೋದ."

3-00 ಗಂಟೆಗೆ ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಬೀದಿ ತಲುಪುವಷ್ಟರಲ್ಲಿ ಸುದ್ದಿ ಮೊದಲೇ ತಲುಪಿತ್ತು. ಜನ ಡ್ರೈವರನ್ನು ಲೈಟ್ ಕಂಬಕ್ಕೆ ಒತ್ತಿ ಹಿಡಿದು ಸಿಕ್ಕಿದ್ದರಲ್ಲಿ ಬಾರಿಸುತ್ತಿದ್ದರು. ಅವನ ಒಂದು ಕಣ್ಣು ಮುಚ್ಚಿಹೋಗಿತ್ತು, ಬಾಯಿಂದ ರಕ್ತದ ಜತೆ ಹಲ್ಲೊಂದು ಜಾರಿ ಬಿತ್ತು.

"ಆವತ್ತು ಅಕ್ಕನ್ನ ತಿಂದೆ, ಇವತ್ತು ತಮ್ಮನ್ನೂ ತಿಂದ್ಯಲ್ಲೋ!"

ಅಕ್ಕ ಎಂದರೆ ಸತ್ತವನ ಅಕ್ಕ, ಭಾವನ ಹೆಂಡತಿ. ನಾಲ್ಕು ತಿಂಗಳ ಹಿಂದೆ ಈ ಡ್ರೈವರ್ ಓಡಿಸುತ್ತಿದ್ದ ಇದೇ ಹಳೇ ವ್ಯಾನ್ ಪಲ್ಟಿಯಾಗಿ ಸತ್ತಿದ್ದಳು. ಚಾಲಕನ ಅಜಾಗರೂಕತೆ ಎಂದು ದೋಷಾರೋಪ ಪಟ್ಟಿಗೆ ಸಹಿ ಹಾಕಿದ್ದು ಈ ಇನ್ಸ್‌ಪೆಕ್ಟರೇ.

ಠಾಣೆಯಲ್ಲಿ ಹೆಡ್ ಕಾನ್ಸ್‌ಟೇಬಲ್ ಡ್ರೈವರನ ಕೆನ್ನೆಗೆ ಎರಡು ಬಿಗಿದ. "ಅರ್ಧ ಗಂಟೆ ನನ್ನ ಕೈಗೆ ಬಿಡಿ ಸಾರ್. ಹುಟ್ಟಿದಾಗಿನಿಂದ ಮಾಡಿದ್ದೆಲ್ಲ ಒಪ್ಕೋತಾನೆ."

"ಸಾಕು," ಎಂದ ಇನ್ಸ್‌ಪೆಕ್ಟರ್. ಎರಡನೇ ಏಟು ಬಿದ್ದ ಮೇಲಷ್ಟೇ ತಾನು ಹೇಳಿದ್ದು ಅವನಿಗೇ ಅರಿವಾಯಿತು. "ಜಗಳ ಯಾಕೆ?"

"ಜಗಳ ಅಲ್ಲ ಸಾರ್. ಬಲಗಡೆ ಚಕ್ರ ಮೊದಲು ಕಳಚಿಕೊಳ್ತು, ಆಮೇಲೆ ಗಾಡಿ ಪಲ್ಟಿ ಆಯ್ತು ಅಂತ ಆವತ್ತಿಂದ ಬಡ್ಕೋತಿದೀನಿ. ಠಾಣೆಯಿಂದ ಗಾಡಿ ಹೋದ ವಾರ ಬಿಟ್ಟಿದ್ದೀರಿ, ಅವರ ಗ್ಯಾರೇಜಿಗೇ ರಿಪೇರಿಗೆ ಬಂದಿದೆ. ಸತ್ತೋನ ಹತ್ರ, ನನ್ನ ಮುಂದೆ ಬಿಚ್ಚಿ ತೋರ್ಸಪ್ಪ ಅಂದೆ. ಕತ್ತು ಹಿಡಿದು ದಬ್ಬಿದ."

"ಭಾವ ಇದ್ದರಾ?"

"ಇದ್ರು. ಸುಮ್ನೆ ಕೇಳಿಸ್ಕೊಳ್ತಿದ್ರು."

ಬುಧವಾರ 11-00ಕ್ಕೆ ಮರಣೋತ್ತರ ವರದಿ ಬಂತು. ಮೂರು ಏಟು. ಅದರಲ್ಲಿ ಒಂದು ಏಟಿಗೇ ತಲೆಬುರುಡೆಯಲ್ಲಿ ಸಮ ಅಂತರಕ್ಕೆ ಬಿದ್ದ ಮೂರು ಕುಳಿಗಳು, ಕಮಾನಿನ ಹಾಗೆ. ಡ್ರೈವರ್ ಬಳಿ ಸಿಕ್ಕ ಸ್ಪ್ಯಾನರಿನಿಂದ ಇಂಥ ಗಾಯ ಆಗಲು ಸಾಧ್ಯವಿರಲಿಲ್ಲ.

ಇನ್ಸ್‌ಪೆಕ್ಟರ್ ಮತ್ತೆ ಗ್ಯಾರೇಜಿಗೆ ಹೋದ. ವ್ಯಾನ್ ಸ್ಟ್ಯಾಂಡ್ ಮೇಲೇ ನಿಂತಿತ್ತು. ಎಡಗಡೆ ಹಿಂದಿನ ಚಕ್ರ ಹಾಕಿರಲಿಲ್ಲ; ಬ್ರೇಕ್ ಡ್ರಮ್ಮಿನಿಂದ ಐದು ಬೋಲ್ಟು ವೃತ್ತವಾಗಿ ಹೊರಗೆ ಚಾಚಿದ್ದವು. ವೈದ್ಯರು ಗಾಯದ ಅಳತೆಗೆ ಬರೆದುಕೊಟ್ಟ ಹಾಳೆಯನ್ನು ಅವನು ಬೋಲ್ಟುಗಳಿಗೆ ಹಿಡಿದ. ಮೂರೂ ಗುರುತು ಮೂರು ಬೋಲ್ಟಿನ ಮೇಲೆ ಕೂತವು.

ಪಂಚ ಸಾಕ್ಷಿಗಳ ಎದುರು ಪಕ್ಕದ ಬೀದಿಯ ಮೆಕ್ಯಾನಿಕ್ ಡ್ರಮ್ ಕಳಚಿ ಆಕ್ಸಲನ್ನು ಹೊರಗೆಳೆದ. ಉದ್ದ ಉಕ್ಕಿನ ಸರಳು, ತುದಿಯಲ್ಲಿ ಬೋಲ್ಟುಗಳ ದಪ್ಪ ತಟ್ಟೆ. "ಗದೆ ಇದ್ದಂಗೆ ಸಾರ್," ಎಂದ. ಪೆಟ್ರೋಲಿನಲ್ಲಿ ತೊಳೆದಿದ್ದರೂ ಬೋಲ್ಟಿನ ಬುಡದಲ್ಲಿ ರಕ್ತ, ಒಂದೆರಡು ಕೂದಲು ಉಳಿದಿದ್ದವು.

ಆಮೇಲೆ ಅವನು ಒಂದು ತೆಳು ರಟ್ಟಿನ ಬಳೆಯನ್ನು ಬೆಳಕಿಗೆ ಹಿಡಿದ. "ಆಯಿಲ್ ಸೋರದಿರಲಿ ಅಂತ ಹಾಕೋ ಗ್ಯಾಸ್ಕೆಟ್ ಇದು. ಹೊಸದು. ಬಚ್ಚಿಡೋನಿಗೆ ಇದೆಲ್ಲ ಯಾಕೆ? ತೂರಿಸಿ ನಟ್ ಬಿಗಿದ್ರೆ ಮುಗೀತು."

"ಅಂಗಡಿದಾ?"

"ಅಲ್ಲ. ರಟ್ಟು ಇಟ್ಟು ಸುತ್ತಿಗೇಲಿ ಅಂಚು ತಟ್ಟಿ ತಟ್ಟಿ ಕತ್ತರಿಸಿದ್ದು. ನಮಗ್ಯಾರಿಗೂ ಅಷ್ಟು ವ್ಯವಧಾನ ಇಲ್ಲ."

"ಮತ್ತೆ ಯಾರಿಗಿದೆ?"

ಅವನು ಬಹಳ ಹೊತ್ತು ಕೈ ಒರೆಸಿಕೊಂಡ. "ನನಗೆ ಕೆಲಸ ಕಲಿಸಿದೋರು ಅವರು ಸಾರ್."

1-15ಕ್ಕೆ ಪಂಚನಾಮೆ ಮುಗಿಯಿತು. ಭಾವ ಮನೆಯ ಬಾಗಿಲು ತೆರೆದಿಟ್ಟೇ ಕೂತಿದ್ದ. ಇನ್ಸ್‌ಪೆಕ್ಟರ್ ಗ್ಯಾಸ್ಕೆಟ್ ಇದ್ದ ಲಕೋಟೆಯನ್ನು ಅವನ ಮುಂದಿಟ್ಟ.

"ಯಾಕೆ ಬದಲಾಯಿಸಿದ್ರಿ?"

"ಹಳೇದು ಹರಿದಿತ್ತು. ಆಯಿಲ್ ಬ್ರೇಕಿಗೆ ಇಳಿದ್ರೆ ಗಾಡಿ ನಿಲ್ಲಲ್ಲ. ನಾಳೆ ಇನ್ಯಾರೋ ಹತ್ತಿರ್ತಾರೆ."

ಹೆಡ್ ಕಾನ್ಸ್‌ಟೇಬಲ್ ಬರೆಯುವುದನ್ನು ನಿಲ್ಲಿಸಿ ಮುಖ ನೋಡಿದ.

"ಡ್ರೈವರ್ ಹೋದ ಮೇಲೆ ನಾನೇ ಎರಡೂ ಕಡೆ ಬಿಚ್ಚಿದೆ," ಎಂದ ಭಾವ. "ಬಲಗಡೇದು ಮುರಿದಿದ್ದ ಕಡೆ ವೆಲ್ಡಿಂಗ್ ಗುರುತು. ತಿರುಗೋ ಆಕ್ಸಲಿಗೆ ವೆಲ್ಡಿಂಗ್ ನಿಲ್ಲಲ್ಲ ಅಂತ ಬಾಮೈದನಿಗೆ ಎಷ್ಟು ಸಲ ಹೇಳಿದ್ದೆ. ನಿನ್ನ ಕೆಲಸಾನಾ ಅಂದೆ. ಹೂಂ ಅಂದ. ಅಕ್ಕ ಹತ್ತೋದು ಗೊತ್ತಿತ್ತಾ ಅಂದೆ. 'ನಾನೇ ಹತ್ತಿಸಿದ್ದು ಭಾವ, ಒಂದು ಟ್ರಿಪ್ ತಡ್ಕೊಳತ್ತೆ ಅಂದ್ಕೊಂಡೆ' ಅಂದ. ಅಂದು, ಮತ್ತೆ ಕೆಲಸಕ್ಕೆ ಅಂತ ಸ್ಪ್ಯಾನರ್ ಎತ್ಕೊಳ್ಳೋಕೆ ಬಗ್ಗಿದ. ಎಡಗಡೆ ಆಕ್ಸಲ್ ನನ್ನ ಕೈಲಿತ್ತು."

"ಮೂರು ಏಟು."

"ಮೊದಲನೇದಕ್ಕೆ ಬಿದ್ದ. ಎರಡನೇದಕ್ಕೆ 'ಭಾವ' ಅಂದ."

"ಡ್ರೈವರನ್ನ ಇದಕ್ಕೆ ಯಾಕೆ ಎಳೆದ್ರಿ?"

"ನಾಲ್ಕು ತಿಂಗಳು ಅವನನ್ನೇ ಶಪಿಸಿ ಬಾಯಿಗೆ ರೂಢಿಯಾಗಿತ್ತು."

2-30ಕ್ಕೆ ಬಂಧನ. ಸಂಜೆ ಡ್ರೈವರನ್ನು ಲಾಕಪ್ಪಿನಿಂದ ಹೊರಗೆ ಕರೆತಂದರು. ನಡೆದದ್ದನ್ನೆಲ್ಲ ಅವನು ಊದಿದ ಬಾಯಿ ತೆರೆದುಕೊಂಡೇ ಕೇಳಿದ.

"ನಾನು ಹೋಗಿ ಬಿಚ್ಚಿ ತೋರ್ಸು ಅಂತ ಕೇಳದಿದ್ರೆ ಆತ ಬದುಕಿರ್ತಿದ್ದ. ಅಲ್ವಾ ಸಾರ್?"

ಇನ್ಸ್‌ಪೆಕ್ಟರ್ ತಾನು ಸಹಿ ಹಾಕಿದ ಹಳೆಯ ಕಡತವನ್ನು ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟ.

"ಕೇಳಬೇಕಾಗಿದ್ದವನು ನಾನು," ಎಂದ. "ಕೂತ್ಕೊ. ಚಕ್ರ ಹೇಗೆ ಕಳಚ್ತು, ಮೊದಲಿಂದ ಹೇಳು."