ಗೋಡೆ ತೋರಿಸದ ಗಿರಾಕಿ

"ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ. ಈ ಚಿತ್ರ ನಿಮಗೆ ಕೊಡಲ್ಲ."

ಹೀಗೆಂದು ಗ್ಯಾಲರಿಯ ಮೇಡಂ ಚಿತ್ರಕ್ಕೂ ನನಗೂ ನಡುವೆ ಬಂದು ನಿಂತರು. ಕೈಯಲ್ಲಿ ಕೆಂಪು ಚುಕ್ಕಿಗಳ ಹಾಳೆಯಿತ್ತು. ಮಾರಾಟವಾದ ಚಿತ್ರದ ಪಕ್ಕ ಅಂಟಿಸುವ ಚುಕ್ಕಿ ಅದು. ಇಪ್ಪತ್ತು ವರ್ಷದ ಹತ್ತಿರ ಹತ್ತಿರ, ಪ್ರತಿ ಆರ್ಟ್ ಫೇರಿನಲ್ಲೂ ನನಗೆಂದು ಒಂದು ಚುಕ್ಕಿ ಅಂಟಿಸಿದವರು, ಈ ಸಲ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ನಾನು ಹಲ್ಲಿನ ಡಾಕ್ಟರು. ಊರಿನವರ ಬಾಯಿ ತೆಗೆಸುವುದೇ ನನ್ನ ಕಸುಬು. ಈ ಒಬ್ಬ ಹೆಂಗಸಿನ ಮುಂದೆ ಮಾತ್ರ ನನ್ನ ಬಾಯಿ ಬೇಕಾದ ಹೊತ್ತಿಗೆ ತೆರೆದದ್ದೇ ಇಲ್ಲ.

"ಯಾಕೆ ಮೇಡಂ?" ಎಂದೆ, ಕಷ್ಟಪಟ್ಟು.

"ಗೋಡೆಗೆ ಹಾಕೋರಿಗೆ ಮಾರ್ತೀನಿ. ಕಟ್ಟಿಟ್ಟು ರೇಟು ಏರಲಿ ಅಂತ ಕಾಯೋರಿಗೆ ಮಾರಲ್ಲ. ನಿಮಗೆ ಗೊತ್ತಿರೋ ವಿಷಯಾನೇ."

"ನಾನು ಕಟ್ಟಿಟ್ಟಿದ್ದೀನಾ?"

"ನನಗೇನು ಗೊತ್ತು? ನಾನು ನೋಡಿದ್ದೀನಾ?"

ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಸಿಟ್ಟಾಗಿದ್ದರೆ ಹೇಗಾದರೂ ತಡೆದುಕೊಳ್ಳುತ್ತಿದ್ದೆ.

ಫೇರಿನಲ್ಲಿ ಎಲ್ಲರೂ ಅವರನ್ನು ಪೆನ್ಸಿಲ್ ಮೇಡಂ ಎನ್ನುತ್ತಾರೆ. ಕೂದಲನ್ನು ಸುತ್ತಿ ಗಂಟು ಹಾಕಿ, ಅದಕ್ಕೊಂದು ಪೆನ್ಸಿಲ್ ಸಿಗಿಸಿಕೊಂಡಿರುತ್ತಾರೆ. ಮೊದಲು ಆ ಗಂಟು ಪೂರ್ತಿ ಕಪ್ಪಗಿತ್ತು, ಈಗ ಅರ್ಧ ಬಿಳಿ. ನಕ್ಕಾಗ ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಸ್ವಲ್ಪ ಹತ್ತಿ ಕೂತಿರುವುದು ಕಾಣುತ್ತದೆ. ಚಿಕ್ಕಂದಿನಲ್ಲೇ ತಂತಿ ಹಾಕಿ ಸರಿ ಮಾಡಬಹುದಿತ್ತು. ಸದ್ಯ, ನನ್ನ ಕಸುಬಿನವರು ಯಾರೂ ಕೈ ಹಾಕಿಲ್ಲ.

ಅವರನ್ನು ಮೊದಲು ನೋಡಿದ್ದೇ ಒಂದು ತಪ್ಪು ಬಾಗಿಲಿನಿಂದ. ಆಗ ನಾನು ಹೊಸದಾಗಿ ಕ್ಲಿನಿಕ್ ಹಾಕುತ್ತಿದ್ದೆ. ರೋಗಿಗಳನ್ನು ಒರಗಿಸಿ ಕೂರಿಸುವ ಕುರ್ಚಿ ಬೇಕಿತ್ತು. ಆಸ್ಪತ್ರೆ ಸಾಮಾನಿನ ಪ್ರದರ್ಶನ ಒಂದು ಹಾಲಿನಲ್ಲಿ, ಆರ್ಟ್ ಫೇರ್ ಪಕ್ಕದ ಹಾಲಿನಲ್ಲಿ. ಕುರ್ಚಿ ಹುಡುಕಿಕೊಂಡು ಹೋದವನು ಚಿತ್ರಗಳ ನಡುವೆ ಹೋಗಿ ನಿಂತೆ. ಯಾರದ್ದೋ ಸ್ಟಾಲಿನಲ್ಲಿ ಸಹಾಯಕಿಯಾಗಿದ್ದ ಹುಡುಗಿಯೊಬ್ಬಳು ಮೆಟ್ಟಿಲೇಣಿ ಹತ್ತಿ ಒಂದು ಫ್ರೇಮು ಸರಿ ಮಾಡುತ್ತಿದ್ದಳು. ಬಾಯಲ್ಲಿ ಎರಡು ಮೊಳೆ.

"ಮೊಳೆ ಬಾಯಲ್ಲಿ ಇಟ್ಕೋಬಾರದು, ಹಲ್ಲು ಸವೆಯತ್ತೆ," ಎಂದೆ.

ಅವಳು ಮೊಳೆ ತೆಗೆದು ನನ್ನ ಅಂಗೈಗೆ ಹಾಕಿದಳು. "ಹಾಗಾದ್ರೆ ನೀವು ಹಿಡ್ಕೊಳ್ಳಿ. ಇದು ನೆಟ್ಟಗಿದೆಯಾ ನೋಡಿ ಹೇಳಿ."

ಅರ್ಧ ತೆರೆದ ಒಂದು ಡ್ರಾಯರಿನ ಚಿತ್ರ. ನೆಟ್ಟಗಿತ್ತು. ಹಾಗೆಂದರೆ ಹೊರಡಬೇಕಾಗುತ್ತದೆಂದು, ಎಡಕ್ಕೆ ಒಂಚೂರು, ಬಲಕ್ಕೆ ಒಂಚೂರು ಎನ್ನುತ್ತಾ ನಿಂತೆ. ಆಮೇಲೆ ಏನಾದರೂ ಕೇಳಬೇಕಲ್ಲ, "ಡ್ರಾಯರ್ ಒಳಗೆ ಏನಿದೆ?" ಎಂದೆ.

"ಅದನ್ನ ನೀವು ಮನೆಗೆ ತಗೊಂಡು ಹೋಗಿ ಯೋಚನೆ ಮಾಡ್ಬೇಕು. ದುಡ್ಡು ಅದಕ್ಕೇ."

ಆ ಕುರ್ಚಿಯ ಅಡ್ವಾನ್ಸ್ ಹಣ ಆ ಡ್ರಾಯರಿಗೆ ಹೋಯಿತು. ಒಂದು ತಿಂಗಳು ಮಾಮೂಲಿ ಮರದ ಕುರ್ಚಿಯಲ್ಲಿ ಕೂರಿಸಿ ಹಲ್ಲು ಕಿತ್ತೆ. ಅಕ್ಕ ಬೈದದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡೆ.

ನಿಜ ಹೇಳುತ್ತೇನೆ, ಚಿತ್ರಕಲೆಯ ತಲೆಬುಡ ನನಗೆ ಗೊತ್ತಿರಲಿಲ್ಲ. ಆದರೆ ಒಂದು ಚಿತ್ರ ಕೊಳ್ಳುವವನಿಗೆ ಅವರು ಅರ್ಧ ಮಧ್ಯಾಹ್ನವನ್ನೇ ಕೊಡುತ್ತಿದ್ದರು. ಬಣ್ಣ ಎಲ್ಲಿ ತೆಳುವಾಗಿದೆ, ಯಾಕೆ ತೆಳುವಾಗಿದೆ, ಮಾಡಿದವರು ಎಂಥ ಕೋಪಿಷ್ಠರು, ಎಲ್ಲ ಹೇಳುತ್ತಿದ್ದರು. ಹೇಳುವಾಗ ಬೆರಳು ಗಾಳಿಯಲ್ಲಿ ಆ ಗೆರೆಯ ಜೊತೆಗೇ ಓಡುತ್ತಿತ್ತು. ನಾನು ಬೆರಳನ್ನು ನೋಡುತ್ತಿದ್ದೆ. ಚಿತ್ರದ ಕಡೆ ನೋಡಿ ಎಂದು ಅವರು ಗದರುತ್ತಿದ್ದರು. ಮುಂದಿನ ವರ್ಷ ಮತ್ತೆ ಹೋಗುತ್ತಿದ್ದೆ. ಅವರು ಗ್ಯಾಲರಿ ಬದಲಿಸಿದರೆ ನಾನೂ ಬದಲಿಸಿದೆ. ಅವರೇ ಸ್ವಂತದ್ದು ತೆರೆದಾಗ ಮೊದಲ ಗಿರಾಕಿ ನಾನು. ಜನ ನನ್ನನ್ನು ಕಲೆಕ್ಟರ್ ಎಂದು ಕರೆಯತೊಡಗಿದರು. ಅಕ್ಕ ಮಾತ್ರ ಇವತ್ತಿಗೂ ಬೇರೆ ಹೆಸರಿನಿಂದ ಕರೆಯುತ್ತಾಳೆ, ಅದನ್ನು ಇಲ್ಲಿ ಹೇಳಲಾಗದು.

ಹಾಗಿದ್ದರೆ ಬಾಯಿಬಿಟ್ಟು ಹೇಳಲಿಲ್ಲ ಯಾಕೆ? ಮೊದಮೊದಲು ಧೈರ್ಯ ಸಾಲಲಿಲ್ಲ. ಧೈರ್ಯ ಕೂಡಿಸಿಕೊಂಡು ಹೋದ ವರ್ಷ ಅವರ ಬೆರಳಲ್ಲಿ ಉಂಗುರವಿತ್ತು. ಶಿಲ್ಪಿಯೊಬ್ಬನನ್ನು ಮದುವೆಯಾಗಿದ್ದರು. ಕೆಲವು ವರ್ಷದ ಮೇಲೆ ಉಂಗುರ ಹೋಯಿತು, ಶಿಲ್ಪಿಯೂ ಹೋದ. ಆ ಹೊತ್ತಿಗೆ ನನಗೆ ಗಿರಾಕಿಯಾಗಿರುವುದೇ ರೂಢಿಯಾಗಿತ್ತು. ವರ್ಷಕ್ಕೊಂದು ಮಧ್ಯಾಹ್ನ ಖಂಡಿತ ಸಿಗುತ್ತದೆ, ಹೇಳಿಬಿಟ್ಟರೆ ಅದೂ ಹೋದರೆ ಎಂಬ ಭಯ.

ಹಾಗಾಗಿ ಮನೆ ತೋರಿಸಲಿಲ್ಲ. ಬೇರೆ ಗಿರಾಕಿಗಳ ಮನೆಗೆ ಅವರೇ ಹೋಗಿ, ಜಾಗ ನೋಡಿ, ಮೊಳೆ ಹೊಡೆಸಿ, ಕಾಫಿ ಕುಡಿದು ಬರುತ್ತಾರೆ. ನಾನು ಮಾತ್ರ ಚಿತ್ರವನ್ನು ಕಾರಿನ ಹಿಂದಿನ ಸೀಟಿಗೆ ಹಾಕಿಕೊಂಡು ಓಡುತ್ತಿದ್ದೆ. ಹೋದ ವರ್ಷ ವಯಸ್ಸಾದ ಕಲಾವಿದೆಯೊಬ್ಬರ ದೊಡ್ಡ ಪ್ರದರ್ಶನಕ್ಕೆಂದು, ನನ್ನ ಹತ್ತಿರವಿರುವ ಅವರ ಚಿತ್ರವನ್ನು ಮೇಡಂ ಕೇಳಿದರು. ಗೋಡೆಯಿಂದ ಇಳಿಸುವುದಕ್ಕೆ ತಾನೇ ಬರುತ್ತೇನೆ ಎಂದರು. ಕೊಡುವುದಿಲ್ಲ ಎಂದುಬಿಟ್ಟೆ. ಒಮ್ಮೆ ಹಲ್ಲುನೋವೆಂದು ಕ್ಲಿನಿಕ್ಕಿಗೆ ಬಂದಿದ್ದರು. ಅವರ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೊಂದೇ ಸಲ, ಅದೂ ಮಾಸ್ಕ್ ಹಾಕಿಕೊಂಡು. ಕ್ಲಿನಿಕ್ಕಿನ ಗೋಡೆಯ ಮೇಲೆ ದವಡೆಯ ಪಟವೊಂದು ಬಿಟ್ಟು ಏನೂ ಇರಲಿಲ್ಲ. ಅವರು ಸುತ್ತ ನೋಡಿದರು, ಏನೂ ಹೇಳಲಿಲ್ಲ. ಬಾಯಲ್ಲಿ ಹತ್ತಿಯಿತ್ತು.

ಈಗ ಅದನ್ನೆಲ್ಲ ಸೇರಿಸಿ ಲೆಕ್ಕ ಹಾಕಿದ್ದಾರೆ. ತಪ್ಪೇನಿಲ್ಲ.

ಅವರ ಭುಜದ ಹಿಂದೆ ಆ ಚಿತ್ರ ಕಾಣುತ್ತಿತ್ತು. ಅದೇ ಮುದುಕಿ ಕಲಾವಿದೆಯದ್ದು. ಊಟ ಮುಗಿದ ಮೇಜು, ಎರಡು ತಟ್ಟೆ, ಎರಡು ಲೋಟ, ಒಂದು ಕುರ್ಚಿ ಸ್ವಲ್ಪ ಓರೆಯಾಗಿ ಸರಿದಿದೆ. ಯಾರೋ ಈಗಷ್ಟೇ ಎದ್ದು ಹೋಗಿ, ಅಡಿಗೆಮನೆಯಿಂದ ಏನೋ ಹೇಳುತ್ತಿದ್ದಾರೆ ಎಂಬಂತೆ. ಆವತ್ತು ಮೇಡಂ ಸ್ಟಾಲಿಗೆ ಬರುವ ಮೊದಲೇ ನಾನು ಅದರ ಮುಂದೆ ನಿಂತುಬಿಟ್ಟಿದ್ದೆ. ಯಾರೂ ವಿವರಿಸದೆ, ಯಾವ ಬೆರಳೂ ತೋರಿಸದೆ, ಈ ಚಿತ್ರ ಬೇಕು ಎಂದು ಅನ್ನಿಸಿದ್ದು ಜೀವನದಲ್ಲಿ ಅದೇ ಮೊದಲು. ನನ್ನ ಅದೃಷ್ಟ ನೋಡಿ, ಅದನ್ನೇ ಕೊಡುವುದಿಲ್ಲ ಎನ್ನುತ್ತಿದ್ದಾರೆ.

"ಬೇರೆ ಗ್ಯಾಲರಿಯವರು ನಿಮಗೆ ಮಾರ್ತಾರೆ ಬಿಡಿ," ಎಂದರು ಮೇಡಂ, ನನ್ನ ಮುಖ ನೋಡದೆ. "ಒಳ್ಳೆ ಕಲೆಕ್ಟರ್ ನೀವು. ಮುಂದಿನ ವರ್ಷ ಇಲ್ಲಿಗೆ ಬರೋ ಕಷ್ಟ ತಗೋಬೇಡಿ."

ಮನೆ ತೋರಿಸಿದರೆ ಇಷ್ಟು ವರ್ಷದ ಗುಟ್ಟು ಒಂದೇ ನೋಟಕ್ಕೆ ರಟ್ಟಾಗುತ್ತದೆ. ಯಾವ ಕಲೆಕ್ಟರನ ಮನೆಗೆ ಹೋದರೂ ಹತ್ತು ಕಡೆಯಿಂದ ತಂದದ್ದಿರುತ್ತದೆ, ನನ್ನ ಮನೆಯಲ್ಲಿ ಇವರು ಮಾರಿದ್ದು ಬಿಟ್ಟು ಒಂದು ಕ್ಯಾಲೆಂಡರ್ ಕೂಡ ಇಲ್ಲ. ತೋರಿಸದಿದ್ದರೆ ರೇಟಿಗೆ ಕಾಯುವ ವ್ಯಾಪಾರಿ ಎಂಬ ಹೆಸರು ಹೊತ್ತುಕೊಂಡು ಇವತ್ತೇ ಕೊನೆ. ಎರಡು ಕಡೆಯೂ ಅವರನ್ನು ಕಳೆದುಕೊಳ್ಳಬಹುದು. ಕಳೆದುಕೊಳ್ಳುವುದೇ ಆದರೆ ನಿಜ ಹೇಳಿ ಕಳೆದುಕೊಳ್ಳುವುದು ವಾಸಿ ಎನ್ನಿಸಿತು.

"ಸಂಜೆ ಬನ್ನಿ," ಎಂದೆ. "ಮನೆಗೆ. ಗೋಡೆ ನೋಡಿ. ಆಮೇಲೆ ಬೇಡ ಅಂದ್ರೆ ಬೇಡ."

ಅವರು ಕನ್ನಡಕ ಏರಿಸಿ ನನ್ನನ್ನು ನೋಡಿದರು. ಒಂದು ಹೊಸ ಚಿತ್ರವನ್ನು ನಂಬಬಹುದೋ ಇಲ್ಲವೋ ಎಂದು ನೋಡುವ ನೋಟ ಅದು, ನನಗೆ ಚೆನ್ನಾಗಿ ಪರಿಚಯ.

"ಕಾಫಿ ಇರತ್ತಾ?"

"ಅಕ್ಕ ಮಾಡ್ತಾಳೆ."

ಕ್ಲಿನಿಕ್ಕಿನ ಮೇಲೇ ನಮ್ಮ ಮನೆ. ಅಕ್ಕ ಗಣಿತದ ಟೀಚರಾಗಿದ್ದವಳು, ನೇರ ಮಾತು. ಬಾಗಿಲು ತೆಗೆದವಳು ಬಂದವರ ಗಂಟಿನಲ್ಲಿದ್ದ ಪೆನ್ಸಿಲ್ ನೋಡಿದ ಕೂಡಲೇ ಎಲ್ಲ ತಿಳಿದುಕೊಂಡಳು.

"ಬಾಮ್ಮ, ಬಾ. ನಿನ್ನ ಸಾಮಾನೆಲ್ಲ ನಮ್ಮನೇಲೇ ಬಿದ್ದಿದೆ," ಎಂದು ಒಳಗೆ ಕರೆದಳು.

ಮೇಡಂ ಚಪ್ಪಲಿ ಬಿಟ್ಟು ಒಳಗೆ ಬಂದು, ಹಾಲಿನ ನಡುವೆ ನಿಂತರು. ಗೋಡೆಯಲ್ಲಿ ಒಂದು ಗೇಣು ಜಾಗ ಇರಲಿಲ್ಲ. ನೂಲಿನಲ್ಲಿ ಹೆಣೆದ ನಕಾಶೆ, ಹಳೆ ಬಸ್ ಟಿಕೆಟುಗಳ ಕುದುರೆ, ಬರೀ ಹಸಿರು ಗೆರೆಗಳ ಮೂರು ಹಾಳೆ, ಸಣ್ಣ ಪರದೆಯ ಮೇಲೆ ಹಗಲಿರುಳೂ ತೊಟ್ಟಿಕ್ಕುವ ನಲ್ಲಿಯ ವಿಡಿಯೋ.

"ಇದು ಬಂದಾಗ ಸದ್ದು ಕೇಳಿ ನಾನು ಪ್ಲಂಬರನ್ನ ಕರೆಸಿದ್ದೆ," ಎಂದಳು ಅಕ್ಕ, ನಲ್ಲಿಯನ್ನು ತೋರಿಸಿ. "ಅವನು ಅಡಿಗೆಮನೆ, ಬಚ್ಚಲು ಎಲ್ಲ ಬಿಚ್ಚಿ ನೋಡಿದ. ಇವನು ಬಾಯಿ ಬಿಡ್ಲಿಲ್ಲ. ಅದು ಇವನ ಹಳೇ ರೋಗ." ಹೀಗೆಂದು ಕಾಫಿ ಮಾಡಲು ಒಳಗೆ ಹೋದಳು.

ಮೇಡಂ ನಗಲಿಲ್ಲ. ಒಂದೊಂದರ ಮುಂದೂ ನಿಂತು ಮುಂದೆ ಹೋಗುತ್ತಿದ್ದರು. ಡ್ರಾಯರಿನ ಚಿತ್ರದ ಹತ್ತಿರ ಬಂದಾಗ ಅವರ ಬೆರಳು ತಾನಾಗಿ ಮೇಲೆದ್ದು, ಗೆರೆಯ ಜೊತೆ ಗಾಳಿಯಲ್ಲಿ ಸ್ವಲ್ಪ ಓಡಿ, ನಿಂತಿತು.

"ಅವತ್ತು ನನ್ನ ಕೆಲಸಕ್ಕೆ ಅದು ಎರಡನೇ ದಿನ," ಎಂದರು ಮೆಲ್ಲಗೆ. "ಮಾರಿದ್ದೇ ಅದು ಮೊದಲು. ಖುಷಿಗೆ ಸ್ಟಾಲ್ ಹಿಂದೆ ಹೋಗಿ ಅತ್ತಿದ್ದೆ."

ನನಗದು ಗೊತ್ತಿರಲಿಲ್ಲ. ಒಳಕೋಣೆಯಲ್ಲಿ ಮೂರು ಕಾಲಿನ ಕುರ್ಚಿಯೊಂದಿತ್ತು, ಒಂದು ವರ್ಷ ಅವರು ಪೀಠೋಪಕರಣದ ಸ್ಟಾಲಿನಲ್ಲಿ ಕೆಲಸಕ್ಕಿದ್ದಾಗ ಕೊಂಡದ್ದು. ಅವರು ಹೋಗಿ ಅದರ ಮೇಲೇ ಕೂತರು.

"ಅದರ ಮೇಲೆ ಕೂರಬಾರದು, ನೋಡೋಕೆ ಮಾತ್ರ ಅಂತ ನೀವೇ ಹೇಳಿದ್ರಿ."

"ಮಾರಿದವಳು ನಾನೇ. ಕೂರ್ತೀನಿ." ಆಮೇಲೆ ಎದುರು ಗೋಡೆಯನ್ನು ನೋಡಿದರು. ಅಲ್ಲಿ ಆಳೆತ್ತರದ ಒಂದು ಚಿತ್ರ, ಅಂಚಿನಿಂದ ಅಂಚಿಗೆ ಬರೀ ಕಪ್ಪು. "ಇದು ನನ್ನ ಮದುವೆ ಆದ ವರ್ಷದ್ದು ಅಲ್ವಾ?"

"ಹೌದು."

"ಬೇಡ ಅಂದಿದ್ದೆ ನಾನು. ಮನೆ ಮಂಕಾಗತ್ತೆ ಅಂತ."

"ಅಷ್ಟೊತ್ತಿಗೇ ಮಂಕಾಗಿತ್ತು."

ಒಳಗಿಂದ ಅಕ್ಕ ಬಟ್ಟಲು ಜೋಡಿಸುವ ಸದ್ದು ಕೇಳುತ್ತಿತ್ತು.

"ಡಾಕ್ಟ್ರೇ, ಬೇರೆಯವರ ಸ್ಟಾಲಿಂದ ತಂದಿದ್ದು ಒಂದೂ ಇಲ್ಲ."

"ಇಲ್ಲ."

"ಇಷ್ಟು ವರ್ಷದಲ್ಲಿ ಬೇರೆಯವರದ್ದು ಒಂದೂ ಇಷ್ಟ ಆಗ್ಲಿಲ್ವಾ?"

"ಬೇರೆಯವರದ್ದು ನೋಡೇ ಇಲ್ಲ," ಎಂದೆ. ಅಷ್ಟು ಬಾಯಿ ಬಿಟ್ಟಮೇಲೆ ಮಿಕ್ಕದ್ದು ತಡೆಯಲಿಲ್ಲ. "ನನಗೆ ಚಿತ್ರ ಅರ್ಥ ಆಗ್ತಿರಲಿಲ್ಲ. ನೀವು ಮಾತಾಡೋದು ಕೇಳ್ಬೇಕಿತ್ತು. ನೀವು ಅಷ್ಟು ಹೊತ್ತು ಮಾತಾಡೋದು ಗಿರಾಕಿ ಹತ್ರ ಮಾತ್ರ. ಅದಕ್ಕೆ ಗಿರಾಕಿ ಆದೆ. ನನಗೆ ನೀವು ಅಂದ್ರೆ ಇಷ್ಟ. ಮೊಳೆ ಕೈಗೆ ಕೊಟ್ರಲ್ಲ, ಅವತ್ತಿಂದ."

ಅವರು ತಲೆ ಬಗ್ಗಿಸಿಕೊಂಡು, ಕುರ್ಚಿಯ ಅಂಚನ್ನು ಬೆರಳಿನಿಂದ ಸವರುತ್ತಿದ್ದರು.

"ನಾನು ಪ್ರತಿ ವರ್ಷ ಒಂದು ಚಿತ್ರ ಎತ್ತಿಡ್ತಿದ್ದೆ," ಎಂದರು. "ನೀವು ಬರೋ ತನಕ ಯಾರಿಗೂ ತೋರಿಸ್ತಿರಲಿಲ್ಲ. ಯಾರಾದ್ರೂ ಕೇಳಿದ್ರೆ, ಅದು ಹೋಗಿದೆ ಅಂತಿದ್ದೆ. ಡಾಕ್ಟ್ರು ಇದನ್ನ ಎಲ್ಲಿ ಹಾಕ್ತಾರೋ, ಬೆಳಿಗ್ಗೆ ಎದ್ದಾಗ ಕಾಣೋ ಹಾಗೆ ಹಾಕ್ತಾರಾ ಅಂತ ಯೋಚನೆ ಮಾಡ್ತಿದ್ದೆ. ನೀವು ಒಂದು ದಿನವೂ ಕರೀಲಿಲ್ಲ. ನೀವು ಎಲ್ಲಾನೂ ಕಟ್ಟಿಟ್ಟಿದ್ದೀರಂತೆ ಅಂತ ಯಾರೋ ಅಂದ್ರು. ದುಡ್ಡಿಗೆ ನನಗೆ ಬೇಜಾರಾಗ್ಲಿಲ್ಲ, ಡಾಕ್ಟ್ರೇ. ನಾನು ಎತ್ತಿಟ್ಟಿದ್ದನ್ನೆಲ್ಲ ಕತ್ತಲೇಲಿ ಇಟ್ರಲ್ಲ ಅಂತ ಸಂಕಟ ಆಯ್ತು."

ನಾನು ಕನ್ನಡಕ ತೆಗೆದು ಒರೆಸಿಕೊಂಡೆ, ಅದರಲ್ಲಿ ಧೂಳೇನೂ ಇರಲಿಲ್ಲ.

"ಹಾಗಾದ್ರೆ ಆ ಮೇಜಿನ ಚಿತ್ರ ಕೊಡ್ತೀರಾ?" ಎಂದು ಕೇಳಿದೆ.

"ಇಲ್ಲ."

"ಈಗಲೂ ಇಲ್ವಾ?"

"ಮಾರಲ್ಲ ಅಂದ್ರೆ ಮಾರಲ್ಲ. ಅದನ್ನ ನಾನೇ ಕೊಂಡ್ಕೋತೀನಿ." ಎದ್ದು ಕಪ್ಪು ಚಿತ್ರದ ಹತ್ತಿರ ಹೋಗಿ, ಗೋಡೆಯ ಅಗಲವನ್ನು ಕಣ್ಣಲ್ಲೇ ಅಳೆದರು. ಮೂಗಿನ ತುದಿ ಕೆಂಪಾಗಿತ್ತು, ಓರೆ ಹಲ್ಲು ಕಾಣುತ್ತಿತ್ತು. "ಇದನ್ನ ಇಳಿಸಿ. ಜಾಗ ಸರಿಹೋಗತ್ತೆ. ನಾಡಿದ್ದು ಫೇರ್ ಮುಗಿಯತ್ತೆ, ಅವತ್ತು ಅದನ್ನ ತರ್ತೀನಿ. ನನ್ನ ಮಿಕ್ಕ ಸಾಮಾನು ಆಮೇಲೆ ನಿಧಾನಕ್ಕೆ ತಂದ್ರಾಯ್ತು."

ನಾನು ಕಪ್ಪು ಚಿತ್ರದ ಒಂದು ತುದಿ ಹಿಡಿದೆ. ಇನ್ನೊಂದು ತುದಿಯನ್ನು ಅವರು ಹಿಡಿದರು.