ಮೂವತ್ತೊಂದನೇ ಬಿಲ್ಲೆ

“ಗೇಟ್ ಹಾಕ್ಬೇಡಿ... ನಾನಿನ್ನೂ ಒಳಗಿದ್ದೀನಿ.”

ಬೀಗ ಹಿಡಿದ ಅವಳ ಕೈ ಅಲ್ಲೇ ನಿಂತಿತು.

ಸಂಜೆ ಐದೂವರೆ. ನಾಲ್ಕು ಹೆಜ್ಜೆ ಆಚೆಗಿನ ಬೆಂಚು ಕೂಡ ಕಾಣದಷ್ಟು ಮಂಜು. ಅದರೊಳಗಿಂದ ಮೊದಲು ಒಂದು ಕೆಂಪು ಜಾಕೆಟ್ಟು ಬಂತು, ಆಮೇಲೆ ಅದರೊಳಗಿನ ಮನುಷ್ಯ. ಮೊಣಕಾಲಿನವರೆಗೂ ಒದ್ದೆಯಾಗಿದ್ದ.

ಅವಳು ತಿರುಗಿ ಹಲಗೆ ನೋಡಿದಳು. ಇವತ್ತು ಬಂದವರೆಲ್ಲ ಹೋಗಿಯಾಗಿತ್ತಲ್ಲ?

ಕಡಲ ದಂಡೆಯ ಆ ಉದ್ಯಾನಕ್ಕೆ ಒಂದು ಪದ್ಧತಿಯಿತ್ತು. ಒಳಗೆ ಹೋಗುವವರು ಗೇಟಿನ ಪಕ್ಕದ ಹಲಗೆಯಿಂದ ನಂಬರು ಕೆತ್ತಿದ ಒಂದು ತಗಡಿನ ಬಿಲ್ಲೆ ತೆಗೆದುಕೊಳ್ಳಬೇಕು, ಹೊರಗೆ ಬಂದಾಗ ಅದೇ ಮೊಳೆಗೆ ತೂಗುಹಾಕಬೇಕು. ಮೊಳೆ ಖಾಲಿಯಿದ್ದರೆ ಯಾರೋ ಇನ್ನೂ ಬಂಡೆಗಳ ಕಡೆ ಇದ್ದಾರೆ ಎಂದರ್ಥ. ಉಬ್ಬರ ಬಂತೆಂದರೆ ಕೆಳಗಿನ ಮರಳು ದಾರಿ ಮುಳುಗುತ್ತದೆ. ಒಂದು ಕಡೆ ಕಡಿದಾದ ಗುಡ್ಡ, ಇನ್ನೊಂದು ಕಡೆ ನೀರು, ಹೊರಬರಲು ಈ ಗೇಟೊಂದೇ. ಹಾಗಾಗಿ ಹಲಗೆ ತುಂಬುವವರೆಗೆ ಬೀಗ ಹಾಕುವಂತಿಲ್ಲ.

ಆದರೆ ಮೂವತ್ತೊಂದನೇ ಮೊಳೆ ಅವಳು ಕೆಲಸಕ್ಕೆ ಸೇರಿದ ದಿನದಿಂದಲೂ ಖಾಲಿ. ಅವಳಿಗಿಂತ ಮೊದಲು ಇಪ್ಪತ್ತು ವರ್ಷ ಅದೇ ಗೇಟು ಕಾದಿದ್ದ ದೊಡ್ಡಮ್ಮ ಹೇಳಿಕೊಟ್ಟಿದ್ದು ಇಷ್ಟೇ: ಅದೊಂದನ್ನು ಕಾಯಬೇಡ, ಪುಸ್ತಕದಲ್ಲಿ ‘ಒಬ್ಬರು ಬರಬೇಕು’ ಎಂದು ಬರೆದು ಬೀಗ ಹಾಕು. ಯಾಕೆ ಎಂದು ಕೇಳಿದರೆ ದೊಡ್ಡಮ್ಮ ಮಂಡಿನೋವಿನ ಪುರಾಣ ತೆಗೆಯುತ್ತಿದ್ದರು.

ಈಗ ಆ ಬಿಲ್ಲೆ ಅವನ ಕೊರಳಲ್ಲಿ ನೇತಾಡುತ್ತಿತ್ತು. ಅಂಚಿಗೆ ತುಕ್ಕು ಹಿಡಿದಿತ್ತು. ಮೂವತ್ತೊಂದು!

“ಅದು ನಮ್ಮ ಹಲಗೇದು,” ಎಂದಳು.

“ಗೊತ್ತು. ಇವತ್ತು ಕೊಡಲ್ಲ.”

ಎಲ್ಲಿಂದ ಬಂದಿರಿ ಎಂದು ಕೇಳಿದ್ದಕ್ಕೆ ಅವನು ಸುಮ್ಮನೆ ಕಡಲಿನ ಕಡೆ ಕೈ ತೋರಿಸಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಆದರೂ ಅವನು ಗಡಗಡ ನಡುಗುತ್ತಿದ್ದುದನ್ನು ನೋಡಿ ಕರಗಿ, ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟಳು. ಒಂದೇ ಗುಟುಕಿಗೆ ಕುಡಿಯಲು ಹೋಗಿ ಅವನು ನಾಲಿಗೆ ಸುಟ್ಟುಕೊಂಡು ನಿಂತಲ್ಲೇ ಕುಣಿದ. ನಗಬಾರದೆಂದುಕೊಂಡೂ ಅವಳು ನಕ್ಕಳು. ಅವನೂ ನಕ್ಕ. ಒಂದೇ ಕೆನ್ನೆಯಲ್ಲಿ ಗುಳಿ ಬಿತ್ತು.

ಅಂದಿನಿಂದ ಮಂಜು ಇಳಿದ ಸಂಜೆಗಳಲ್ಲೆಲ್ಲ ಅವನು ಬಂದ. ಬಂದವನು ಟೀ ಕುಡಿದು, ಅವಳು ‘ಒಬ್ಬರು ಬರಬೇಕು’ ಎಂದು ಬರೆಯುವುದನ್ನು ನಿಂತು ನೋಡಿ, ರಸ್ತೆಯ ಕಡೆ ನಡೆದುಬಿಡುತ್ತಿದ್ದ. ಬಿಲ್ಲೆ ಮಾತ್ರ ಕೊಡುತ್ತಿರಲಿಲ್ಲ. ಅವನು ಒಳಗೆ ಹೋಗಿದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ. ಒಮ್ಮೆ ಟಾರ್ಚು ಹಿಡಿದು ಮರಳಿಗಿಳಿದಳು. ನೀರಿನಿಂದ ಗೇಟಿನ ಕಡೆ ಬಂದ ಅವನ ಹೆಜ್ಜೆಗಳಿದ್ದವು. ನೀರಿನ ಕಡೆ ಹೋದದ್ದು ಒಂದೂ ಇರಲಿಲ್ಲ.

ಇಷ್ಟಾದರೂ, ಗೇಟು ಕಾಯುವವಳಿಗೆ ಸಂಜೆ ಐದಕ್ಕೆ ಸರಿಯಾಗಿ ತಲೆ ಬಾಚಿಕೊಳ್ಳುವ ಕೆಲಸ ಎಲ್ಲಿಂದ ಬಂತು ಎಂದು ಕೇಳಬೇಡಿ. ಮನಸ್ಸು ಹೇಳಿ ಕೇಳಿ ಜಾರುತ್ತದೆಯೇ?

ಅವಳು ದೊಡ್ಡಮ್ಮನ ಬಳಿ ಬಾಯಿ ಬಿಟ್ಟಿದ್ದು ತಿಂಗಳಾದ ಮೇಲೆ, ಒಂದು ರಾತ್ರಿ ಊಟಕ್ಕೆ ಕೂತಾಗ. ತಟ್ಟೆಯ ಮೇಲಿದ್ದ ದೊಡ್ಡಮ್ಮನ ಕೈ ನಿಂತುಹೋಯಿತು.

“ಕೆಂಪು ಜಾಕೆಟ್ಟಾ? ನಕ್ಕರೆ ಒಂದೇ ಕೆನ್ನೆಗೆ ಗುಳಿ ಬೀಳುತ್ತಾ?”

“ಹೂಂ... ನಿಮಗೆ ಗೊತ್ತಾ?”

“ಅವನು ನಮ್ಮ ಜೀವರಕ್ಷಕ ಕಣೇ, ನೀರಲ್ಲಿ ಮುಳುಗೋರನ್ನ ಎಳೆದು ತರೋನು. ಎರಡು ವರ್ಷ ಆಯ್ತು. ಯಾರೋ ಕೂಗಿದರು ಅಂತ ಇಂಥದೇ ಮಂಜಲ್ಲಿ ಬಂಡೆ ಕಡೆ ಓಡಿದ. ನನ್ನ ಕೈಯಿಂದಲೇ ಮೂವತ್ತೊಂದು ತಗೊಂಡು ಹೋದ.” ದೊಡ್ಡಮ್ಮನ ದನಿ ಬಿದ್ದುಹೋಯಿತು. “ಆ ಜಾಕೆಟ್ಟು ಸಿಕ್ತು. ಅವನು ಸಿಗಲಿಲ್ಲ.”

ಅವಳು ಕಲಸಿದ ಅನ್ನ ಬಿಟ್ಟೆದ್ದಳು. ‘ಹಾಗಾದರೆ ನಾನು ಯಾರಿಗೆ ಟೀ ಕೊಡುತ್ತಿದ್ದೆ...?’

ಮರುದಿನ ಮಂಜು ಮಧ್ಯಾಹ್ನವೇ ಇಳಿಯಿತು. ಅವಳು ಎಲ್ಲರನ್ನೂ ಬೇಗ ಹೊರಗೆ ಕರೆದಳು. ಹಲಗೆ ತುಂಬಿತು. ಮೂವತ್ತೊಂದು ಖಾಲಿ, ಅದು ಎಂದಿನದೇ. ಐದಕ್ಕೆ ಮೊದಲೇ ‘ಒಬ್ಬರು ಬರಬೇಕು’ ಎಂದು ಬರೆದು ಬೀಗ ಜಡಿದು, ಗೂಡಿನಂಥ ತನ್ನ ಕೋಣೆಯೊಳಗೆ ಕೂತಳು.

“ಗೇಟ್ ಹಾಕ್ಬೇಡಿ...”

ದೂರದಿಂದ ಬಂತು ದನಿ. ಅವಳು ಎರಡೂ ಕಿವಿ ಮುಚ್ಚಿಕೊಂಡಳು.

“ನಾನಿನ್ನೂ ಒಳಗಿದ್ದೀನಿ...”

ಆಮೇಲೆ ದನಿ ನಿಂತಿತು. ಅಲೆಯ ಸದ್ದು ಮಾತ್ರ ಹತ್ತಿರವಾಗುತ್ತಿತ್ತು. ಅವಳು ಕಣ್ಣು ತೆರೆದಾಗ ಎದುರಿಗೆ ಕಂಡದ್ದು ಅವನ ಲೋಟ, ಅದರ ಪಕ್ಕ ಫ್ಲಾಸ್ಕು. ಬಂದಾಗಲೆಲ್ಲ ಸುಟ್ಟುಕೊಳ್ಳುತ್ತಾನೆ, ಬಂದಾಗಲೆಲ್ಲ ಕುಣಿಯುತ್ತಾನೆ. ಬುದ್ಧಿ ಬರುವುದೇ ಇಲ್ಲ.

ಸತ್ತವನಿಗೆ ನಾಲಿಗೆ ಸುಡುತ್ತದೆಯೇ?

ಅವಳು ದಡಕ್ಕನೆ ಎದ್ದಳು. ಗೋಡೆಯ ಪಟ್ಟಿಯಲ್ಲಿ ಇವತ್ತಿನ ಉಬ್ಬರದ ಹೊತ್ತು ನೋಡಿದಳು: ಐದೂ ಇಪ್ಪತ್ತು. ಗಡಿಯಾರದಲ್ಲಿ ಐದೂ ಹತ್ತು. ಖಾಲಿ ಮೊಳೆ ಕಂಡೂ ಬೀಗ ಹಾಕಿದ್ದಳು! ದಿನಾ ಖಾಲಿಯಿರುವ ಮೊಳೆ ಎಂದು ಕಣ್ಣು ಅದನ್ನು ನೋಡುವುದನ್ನೇ ಬಿಟ್ಟಿತ್ತು.

ಗೇಟು ತೆರೆದು, ಪಕ್ಕದ ಕಂಬದ ಗಂಟೆಯ ಹಗ್ಗ ಹಿಡಿದು ಎಳೆದಳು. ಮಂಜಿನಲ್ಲಿ ದಾರಿ ತಪ್ಪಿದವರಿಗೆ ಆ ಸದ್ದೇ ದಾರಿ. ಭುಜ ಸೋತರೂ, ಅಂಗೈ ಸುಲಿದರೂ ಹಗ್ಗ ಬಿಡಲಿಲ್ಲ. ‘ಬನ್ನಿ... ನೀವು ಯಾರೇ ಆಗಿರಿ, ಬಂದುಬಿಡಿ.’

ಎಷ್ಟೋ ಹೊತ್ತಿನ ಮೇಲೆ ಕೆಂಪು ಜಾಕೆಟ್ಟು ಕಂಡಿತು. ಎದೆಮಟ್ಟ ನೆನೆದಿದ್ದ. ಅವಳು ಓಡಿ ಹೋಗಿ ಅವನ ಕೈ ಮುಟ್ಟಿದಳು. ತಣ್ಣಗಿತ್ತು, ಆದರೆ ನಾಡಿ ಹೊಡೆಯುತ್ತಿತ್ತು. ಅವಳು ಅಲ್ಲೇ ಅತ್ತುಬಿಟ್ಟಳು.

“ನೀವು ಸತ್ತಿದ್ದೀರಿ ಅಂದ್ಕೊಂಡೆ,” ಎಂದಳು ಬಿಕ್ಕುತ್ತಾ.

“ಸತ್ತಿದ್ದು ನಮ್ಮಣ್ಣ.”

ಕೋಣೆಯಲ್ಲಿ ಕಂಬಳಿ ಹೊದ್ದು ಕೂತು ಅವನು ಎಲ್ಲ ಹೇಳಿದ. ಆಚೆಯ ಸಾರ್ವಜನಿಕ ಬೀಚಿನಲ್ಲಿ ಅವನೂ ಜೀವರಕ್ಷಕ. ಮಂಜು ಬಿದ್ದು ಅಲ್ಲಿ ಈಜು ನಿಲ್ಲಿಸಿದ ದಿನ ನೀರಿನಂಚು ಹಿಡಿದು ಬಂಡೆ ಸುತ್ತಿ ಇಲ್ಲಿಗೆ ಬರುತ್ತಾನೆ. ಬಿಲ್ಲೆ ಅಣ್ಣನ ಜಾಕೆಟ್ಟಿನ ಜೇಬಿನಲ್ಲಿ ಸಿಕ್ಕಿದ್ದು.

“ಇದನ್ನ ಮೊಳೆಗೆ ಹಾಕಿದ್ರೆ ಅಣ್ಣ ಇನ್ನು ಬರಲ್ಲ ಅಂತ ನಾನೇ ಒಪ್ಪಿದ ಹಾಗೆ. ಇಡೀ ಊರಲ್ಲಿ ಅವನು ಬರಬೇಕು ಅಂತ ದಿನಾ ಬರೆಯೋರು ನೀವೊಬ್ಬರೇ. ಅದನ್ನ ನೋಡೋಕೆ ಬರ್ತಿದ್ದೆ.” ಅವನು ತಡೆದ. “ಮೊದಮೊದಲು.”

“ಆಮೇಲೆ?”

“ಮನೇಲಿ ಎಲ್ಲರೂ ನನ್ನ ಮುಖದಲ್ಲಿ ಅಣ್ಣನ್ನ ಹುಡುಕಿ ಅಳ್ತಾರೆ. ನೀವು ನನ್ನನ್ನೇ ನೋಡಿ ನಕ್ಕಿರಿ. ಹೇಳಿದ್ರೆ ನೀವೂ ಅಳ್ತೀರೇನೋ ಅಂತ ಹೇಳಲಿಲ್ಲ. ನಿಮ್ಮನ್ನ ಬಿಟ್ಟಿರೋಕೆ ಆಗಲ್ಲ ಅಂತ ಇವತ್ತು ನೀರಲ್ಲಿ ಗೊತ್ತಾಯ್ತು.”

ಅವಳು ಅವನ ಲೋಟಕ್ಕೆ ಟೀ ಬಗ್ಗಿಸಿದಳು. ಅವನು ತನ್ನ ಬಲಗೈ ಮಣಿಕಟ್ಟನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದ. ಅಲ್ಲಿ ಐದು ಬೆರಳಿನ ಗುರುತು ಕೆಂಪಗೆ ಮೂಡಿತ್ತು.

“ಬಂಡೆ ಹತ್ರ ಕಾಲು ಜಾರಿದಾಗ ಎಷ್ಟು ಗಟ್ಟಿಯಾಗಿ ಎಳೆದಿರಿ... ಅಷ್ಟು ಬಲ ಎಲ್ಲಿತ್ತು ನಿಮಗೆ?”

ಅವಳು ತನ್ನ ಸುಲಿದ ಅಂಗೈ ನೋಡಿಕೊಂಡಳು.

“ನಾನು ಗಂಟೆಯ ಹಗ್ಗ ಬಿಡಲೇ ಇಲ್ಲ,” ಎಂದಳು ಮೆಲ್ಲಗೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೊರಗೆ ಅಲೆ ಬಂಡೆಗೆ ಬಡಿದು ಹಿಂದೆ ಸರಿಯಿತು.

ಅವನು ಎದ್ದ. ಕೊರಳಿನ ದಾರ ಬಿಚ್ಚಿ, ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡು ಮೂವತ್ತೊಂದನೇ ಮೊಳೆಗೆ ತೂಗುಹಾಕಿದ. ಅದು ಸ್ವಲ್ಪ ಹೊತ್ತು ಆಡಿ ನಿಂತಿತು. ಅವಳು ಪುಸ್ತಕ ತೆರೆದು, ಇವತ್ತಿನ ಸಾಲು ಹೊಡೆದುಹಾಕಿ ಅದರ ಕೆಳಗೆ ‘ಎಲ್ಲರೂ ಬಂದರು’ ಎಂದು ಬರೆದಳು. ಓದಿ ಅವನು ಮಗುವಿನಂತೆ ಅತ್ತ. ಅವಳು ಅವನ ಕೈ ಹಿಡಿದು ನಿಂತಳು, ಬಿಡಲಿಲ್ಲ.

“ನಾಳೆಯಿಂದ ಇಲ್ಲಿಗೆ ಬರೋಕೆ ನನಗೆ ನೆಪವೇ ಇಲ್ಲ,” ಎಂದ ಕಣ್ಣೊರೆಸಿಕೊಂಡು.

“ಟೀ ಇದೆಯಲ್ಲ.”

“ಅದು ಸುಡುತ್ತೆ.”

“ಆರಿಸಿ ಕೊಡ್ತೀನಿ.”