ಅಟ್ಟದ ಮೇಲಿನ ಜೋಡಿಗೊಂಬೆ

“ಮುಟ್ಟಬ್ಯಾಡ್ರಿ ಅಕ್ಕಾರ. ಮಾಟದ ಗಂಟದು. ಬಿಚ್ಚಿದವ್ರ ಒಡಹುಟ್ಟಿದವ್ರ ಮ್ಯಾಲೆ ಹೋಗತೈತಿ,” ಎಂದಳು ಮುದುಕಿ ಪ್ರೇಮವ್ವ.

ನಿಚ್ಚಣಿಕೆಯ ಮೇಲೆ ನಿಂತಿದ್ದ ಶ್ರೀದೇವಿ ತಿರುಗಿಯೂ ನೋಡದೆ ನಕ್ಕಳು.

ಮಕ್ಕಳ ಆಪ್ತಸಮಾಲೋಚಕಿಯಾಗಿ ಧಾರವಾಡದಿಂದ ಹಾವೇರಿಗೆ ಬಂದ ಮೇಲೆ ಇಂಥ ಮನೆಗಳನ್ನು ಕಂಡು ಅವಳಿಗೆ ಹೇಸಿಗೆಯಾಗಿತ್ತು. ಬ್ಯಾಡಗಿಯ ಈ ಮನೆಯಲ್ಲಿ ಹದಿಮೂರರ ಪ್ರವೀಣಕುಮಾರ ತಂಗಿ ಮಧುವಿನ ಬೆರಳುಗಳನ್ನು ಬಾಗಿಲ ಸಂದಿಯಲ್ಲಿಟ್ಟು ಜಜ್ಜಿದ್ದ. ಶಾಲೆಯವರು ಕೇಳಿದರೆ, ಮೆಣಸಿನಕಾಯಿ ವ್ಯಾಪಾರಿಯಾದ ಅವನ ಅಪ್ಪ ಶಂಭುಲಿಂಗ ಹುಡುಗಾಟಿಕೆ ಎಂದು ಕೈ ಕೊಡವಿಕೊಂಡಿದ್ದ. ಅಜ್ಜಿ ಪ್ರೇಮವ್ವನದು ಬೇರೆಯೇ ರಾಗ. ಆಸ್ತಿ ಪಾಲಾದಾಗ ಮುನಿದ ಅವಳ ಮೈದುನ ಮಾಟ ಮಾಡಿಸಿದ ಗಂಟೊಂದನ್ನು ಅಟ್ಟದಲ್ಲಿ ಇಟ್ಟುಹೋಗಿದ್ದಾನಂತೆ. ಅಂದಿನಿಂದ ಈ ಮನೆಯಲ್ಲಿ ಹುಟ್ಟಿದವರು ಒಬ್ಬರನ್ನೊಬ್ಬರು ಹರಿದು ತಿನ್ನುತ್ತಾರಂತೆ.

“ಮಗ ಮೊದಲ ಸಲ ಹೊಡದಾಗ ನೀವೆಲ್ಲಾ ನಕ್ಕೀರಿ,” ಎಂದಿದ್ದಳು ಶ್ರೀದೇವಿ ಪಡಸಾಲೆಯಲ್ಲಿ ಕುಳಿತು. “ಆಮ್ಯಾಲೆ ಹುಡುಗಿಗೇ ‘ಅಣ್ಣನ ಗೊಡವಿಗೆ ಹೋಗಬ್ಯಾಡ’ ಅಂದೀರಿ. ಈಗ ಮಾಟದ ಮ್ಯಾಲೆ ಹಾಕಾಕತ್ತೀರಿ. ನಾಚಿಕಿ ಬರಂಗಿಲ್ಲೇನ್ರಿ?”

ಶಂಭುಲಿಂಗ ತಲೆ ತಗ್ಗಿಸಿದ್ದ. ಆ ತಗ್ಗಿದ ತಲೆಯನ್ನು ಕಂಡು ಅವಳಿಗೆ ಇನ್ನಷ್ಟು ಹುರುಪು ಬಂದಿತ್ತು. ಆ ಗಂಟನ್ನು ಇವರ ಕಣ್ಣೆದುರೇ ಬಿಚ್ಚಿ ಒಲೆಗೆ ಹಾಕುತ್ತೇನೆಂದು ಎದ್ದಿದ್ದಳು.

ಅಟ್ಟದಲ್ಲಿ ಹಾಡಹಗಲೇ ಕತ್ತಲು. ಹಳೆಯ ಮೆಣಸಿನಕಾಯಿಯ ಘಾಟು, ಬಾವಲಿ ಹಿಕ್ಕೆಯ ನಾತ, ಅದರಡಿಯಲ್ಲಿ ಕೊಳೆತ ಹೂವಿನಂಥ ಸಿಹಿ ವಾಸನೆ. ಮೂಲೆಯಲ್ಲಿ ಕಪ್ಪು ಬಟ್ಟೆಯ ಗಂಟು. ಒಳಗೆ ಎದುರುಬದುರಾಗಿ ಬಿಗಿದ ಎರಡು ಗೊಂಬೆ. ಒಂದರ ಕೈ ಇನ್ನೊಂದರ ಕೊರಳಲ್ಲಿ. ಸುತ್ತಿದ್ದುದು ದಾರವಲ್ಲ, ಕೂದಲು. ಬಿಚ್ಚಿದಾಗ ಏನೋ ಉಸಿರು ಬಿಟ್ಟಂತಾಯಿತು. ಬಲಗೈ ಚುರ್ರೆಂದಿತು.

ಕೆಳಗೆ ಅಳು ಕೇಳಿಸಿತು. ಇಳಿದು ನೋಡಿದರೆ ಪ್ರವೀಣಕುಮಾರ ತಂಗಿಯ ಊದಿದ ಬೆರಳುಗಳನ್ನು ಹಿಡಿದು, ಬಿಕ್ಕಿಬಿಕ್ಕಿ ಅಳುತ್ತ, ಅವುಗಳ ಮೇಲೆ ಉಫ್ ಉಫ್ ಎಂದು ಊದುತ್ತಿದ್ದ. ಗೊಂಬೆಗಳು ಒಲೆಯಲ್ಲಿ ಉರಿದವು. ಪ್ರೇಮವ್ವ ಶ್ರೀದೇವಿಯ ಮುಖ ನೋಡಲಾರದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೇ ಕೇಳಿದಳು.

“ನಿಮಗ ತಂಗಿ-ಗಿಂಗಿ ಅದಾರೇನ್ರಿ?”

“ಅದಾಳ. ಭಾಳ ಚಲೋ ಇದ್ದೀವಿ,” ಎಂದು ಶ್ರೀದೇವಿ ಚಪ್ಪಲಿ ಮೆಟ್ಟಿದಳು. ಎಂಥ ದಡ್ಡ ಜನ!

ಬಸ್ಸಿನಲ್ಲಿ ಅಂಗೈ ಉರಿಯುತ್ತಲೇ ಇತ್ತು. ಮೆಣಸಿನಕಾಯಿ ಪುಡಿ ತಾಗಿರಬೇಕೆಂದುಕೊಂಡಳು.

ಹಾವೇರಿಯ ಬಾಡಿಗೆ ಮನೆಯಲ್ಲಿ, ಕಾಲೇಜು ಓದುತ್ತಿದ್ದ ತಂಗಿ ಸ್ನೇಹಾ ರೊಟ್ಟಿ ಬೇಯಿಸುತ್ತಿದ್ದಳು. ಸಂಜೆ ಕರೆಂಟು ಹೋಗಿತ್ತು. ಒಲೆಯ ನೀಲಿ ಉರಿಯಷ್ಟೇ ಬೆಳಕು.

“ಅಕ್ಕಾ, ನಿನ್ನ ಹಸರ ಸೀರಿ ನಾಳೆ ನಾ ಉಟಗೋತೇನಿ.”

ಇಷ್ಟೇ. ಶ್ರೀದೇವಿಗೆ ಸಿಟ್ಟೇನೂ ಬರಲಿಲ್ಲ. ‘ಉಟಗೋ’ ಎನ್ನಲು ಬಾಯಿ ತೆರೆದಳು. ಆದರೆ ಬಲಗೈ ಎದ್ದಿತು.

ತಂಗಿಯ ಜಡೆ ಮುಷ್ಟಿಯೊಳಗಿತ್ತು. ಎಳೆಯಿತು. ಬಗ್ಗಿಸಿತು. ಕೆಳಗೆ ಕಾದ ಹಂಚು. ಕೊಳೆತ ಹೂವಿನ ವಾಸನೆ ಮೂಗಿಗೆ ನುಗ್ಗಿತು. “ಅಕ್ಕಾ!” ಸ್ನೇಹಾ ಕೂಗಿದಳು. ಎಡಗೈಯಿಂದ ಬಲಗೈಯನ್ನು ಜಗ್ಗಿದಳು ಶ್ರೀದೇವಿ. ಬಿಡಲಿಲ್ಲ. ಕಚ್ಚಿದಳು. ರಕ್ತ ಬಂತು. ಬಿಡಲಿಲ್ಲ. ತಂಗಿಯ ಕೆನ್ನೆ ಹಂಚಿನ ಹತ್ತಿರ. ಇನ್ನೂ ಹತ್ತಿರ. ಕೂದಲು ಚಿಟಿಚಿಟಿ ಸುಟ್ಟಿತು. ಶ್ರೀದೇವಿ ಕಣ್ಣು ಮುಚ್ಚಿದಳು. ಮೈಭಾರವನ್ನೆಲ್ಲ ಹಾಕಿ ತನ್ನ ಬಲಗೈಯನ್ನೇ ಹಂಚಿಗೆ ಒತ್ತಿದಳು.

ಮಾಂಸ ಸುಟ್ಟಿತು. ಬೆರಳು ಬಿಚ್ಚಿದವು.

ಸ್ನೇಹಾ ಬಾಗಿಲಿಗೆ ಓಡಿ, ಏದುಸಿರು ಬಿಡುತ್ತ ನಿಂತಳು.

“ನಾ ಅಲ್ಲವಾ ಸ್ನೇಹಾ. ಅದು ಮಾಟ. ಬ್ಯಾಡಗ್ಯಾಗ ಒಂದು ಗಂಟು ಬಿಚ್ಚಿದ್ದೆ...”

ಸ್ನೇಹಾ ನಕ್ಕಳು. ಹಗಲು ನಿಚ್ಚಣಿಕೆಯ ಮೇಲೆ ಅಕ್ಕ ನಕ್ಕಿದ್ದಕ್ಕಿಂತ ಕೆಟ್ಟದಾಗಿ ನಕ್ಕಳು.

“ಮಾಟ! ಬಾವಿ ಕಟ್ಟಿಗೆ ನನ್ನ ತಲಿ ಜಜ್ಜಿದಾಗ ಯಾವ ಮಾಟ ಇತ್ತ? ದಿನಾ ಚಿವುಟಿ ಚಿವುಟಿ ತೋಳು ಹಸರ ಮಾಡತಿದ್ದೆಲ್ಲಾ, ಆವಾಗ? ಅವ್ವಗ ಹೇಳಿದ್ರ ಅಕಿ ನಗತಿದ್ಲು. ನೀ ಮರತೀದಿ. ಊರ ಮಂದಿಗೆ ಬುದ್ಧಿ ಹೇಳಾಕ ಹೋಗತೀ.”

ಶ್ರೀದೇವಿ ಮರೆತಿದ್ದು ನಿಜ. ಬಾವಿಕಟ್ಟೆಯೇ ನೆನಪಿರಲಿಲ್ಲ. ಈಗ ನೆನಪಾಯಿತು; ಅಂದು ತಂಗಿಯ ಕೂದಲನ್ನು ಹಿಡಿದಾಗ ತನಗೆ ಆಗಿದ್ದ ಖುಷಿಯೂ ನೆನಪಾಯಿತು.

ಸ್ನೇಹಾ ಅಂದೇ ಗೆಳತಿಯ ಮನೆಗೆ ರಾಣೆಬೆನ್ನೂರಿಗೆ ಹೋದಳು.

ಕೈಗಾಯ ಮಾಯ್ದರೂ ಬೆರಳು ಪೂರಾ ಬಿಚ್ಚಲಿಲ್ಲ. ಕ್ಷಮೆ ಕೇಳಬೇಕೆಂದು ಶ್ರೀದೇವಿ ಒಂದು ದಿನ ರಾಣೆಬೆನ್ನೂರಿಗೆ ಹೋದಳು. ಓಣಿಯ ತುದಿಯಲ್ಲಿ, ಬೆನ್ನು ಮಾಡಿ ಬಟ್ಟೆ ಒಣಹಾಕುತ್ತಿದ್ದ ತಂಗಿ ಕಂಡಳು. ಕತ್ತರಿಸಿ ಗಿಡ್ಡವಾದ ಕೂದಲು. ಮುದುರಿದ ಬೆರಳುಗಳು ತಾವಾಗಿಯೇ ಬಿಚ್ಚಿದವು. ಕೈ ಮುಂದಕ್ಕೆ ಜಗ್ಗಿತು. ಕೈಯನ್ನು ಸೆರಗಿನಲ್ಲಿ ಬಿಗಿದುಕೊಂಡು ಅವಳು ಓಡಿ ಬಂದು ಬಸ್ ನಿಲ್ದಾಣದಲ್ಲಿ ಕುಸಿದಳು. ಫೋನು ಹಚ್ಚಿದಳು.

“ಸ್ನೇಹಾ, ನಾ ಎಂದರ ಬಂದ್ರ ಬಾಗಲಾ ತೆಗೀಬ್ಯಾಡ. ಅತ್ತರೂ ತೆಗೀಬ್ಯಾಡ.”

“ಅದನ್ನ ನೀ ಹೇಳೂದು ಬ್ಯಾಡಕ್ಕಾ,” ಎಂದಳು ಸ್ನೇಹಾ. “ಸಣ್ಣಾಕಿ ಇದ್ದಾಗಿಂದ ನನಗ ಗೊತ್ತೈತಿ.”